ಖಡ್ಗ ಮತ್ತು ಸಿದ್ಧಿ: ನಿಲಂಗಾ ಗಡಿಸೀಮೆಯ ಅದ್ಭುತಕಥನದಲ್ಲಿ ಆಯುಧದ ಸ್ಥಾನ

ಕತ್ತಿಯೂ ಮಾಟವೂ ಮುಖಾಮುಖಿಯಾಗುವ ಸಾಹಸಕಥೆಗಳಿಗೆ ಇಂಗ್ಲಿಷಿನಲ್ಲಿ ಇಂದು ನಡೆದುಬಂದಿರುವ ಹೆಸರನ್ನು 1961ರಲ್ಲಿ ಇಟ್ಟವನು ಅಮೆರಿಕದ ಲೇಖಕ ಫ್ರಿಟ್ಸ್ ಲೈಬರ್. ಕಥೆಗಳು ಹೆಸರಿಗಿಂತ ಹಳೆಯವು. ರಾಬರ್ಟ್ ಇ. ಹೋವರ್ಡ್‌ನ ಕೋನನ್ 1932ರ ಡಿಸೆಂಬರ್‌ನಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡ. 1966ರಲ್ಲಿ ಅವನ ಕಥೆಗಳು ಅಗ್ಗದ ಪೇಪರ್‌ಬ್ಯಾಕ್ ಆಗಿ ಬಂದಾಗ ಫ್ರಾಂಕ್ ಫ್ರಾಜೆಟಾ ಬರೆದ ಮುಖಪುಟ ಅವನ ರೂಪವನ್ನು ಖಾಯಂ ಮಾಡಿತು: ಉಬ್ಬಿದ ಸ್ನಾಯು, ನೆಲಕ್ಕೆ ಊರಿದ ಕತ್ತಿ, ಕಾಲಡಿಯಲ್ಲಿ ಹೆಣಗಳ ರಾಶಿ. ಆ ಚಿತ್ರದ ಹಿಂದೆ ಒಂದು ನಂಬಿಕೆಯಿದೆ. ಮಾಟವೆಂಬುದು ಹಳೆಯದು, ಕೊಳೆತದ್ದು, ಮೋಸದ್ದು. ಉಕ್ಕು ಮತ್ತು ಮೈಬಲ ನಿಜ. ಕೊನೆಗೆ ಕತ್ತಿಯೇ ತೀರ್ಪು ಹೇಳುತ್ತದೆ. ದಖ್ಖನಿನ, ಅದರಲ್ಲೂ ಕಲ್ಯಾಣದ ಸುತ್ತಲಿನ ಗಡಿಸೀಮೆಯ ಅದ್ಭುತಕಥನ ಈ ಲೆಕ್ಕವನ್ನು ಒಪ್ಪುವುದಿಲ್ಲ. ಇಲ್ಲಿಯೂ ಕತ್ತಿಯಿದೆ, ಮಾಂತ್ರಿಕರಿದ್ದಾರೆ. ಆದರೆ ಇಲ್ಲಿ ಕತ್ತಿ ಪರೀಕ್ಷೆಗೆ ಬರುತ್ತದೆ, ತೀರ್ಪಿಗಲ್ಲ ಎಂಬುದು ಈ ಲೇಖನದ ವಾದ.

ಈ ಸೀಮೆಯ ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಈಗ ಲಾತೂರಿಗೆ ಸೇರಿವೆ. ಉಮರ್ಗಾ ಧಾರಾಶಿವ ಜಿಲ್ಲೆಯದು. ಚಾಲುಕ್ಯರ ರಾಜಧಾನಿಯೂ ಶರಣರ ನೆಲೆಯೂ ಆಗಿದ್ದ ಕಲ್ಯಾಣ ಇಲ್ಲಿಂದ ದೂರವಿಲ್ಲ. ಲಿಂಗಾಯತರ ದೊಡ್ಡ ವಸತಿಯಿರುವ ಈ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಓಣಿಯ ಮಾತುಗಳು. ನಾಥ, ಶರಣ, ಸೂಫಿ ಪಂಥಗಳು ಇಲ್ಲಿ ಒಂದರ ಕಥೆಯನ್ನು ಇನ್ನೊಂದು ತನ್ನ ರೀತಿಯಲ್ಲಿ ಹೇಳಿಕೊಂಡಿವೆ. ಹಾಗಾಗಿ ಒಬ್ಬನೇ ಸಿದ್ಧಪುರುಷ ಒಂದು ಭಾಷೆಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವುದು ಇಲ್ಲಿ ಸಾಧ್ಯ. ನಾಥಪಂಥದ ಗೋರಕ್ಷ ಅಂಥವನು.

ಹದಿನೈದನೆಯ ಶತಮಾನದಲ್ಲಿ ಚಾಮರಸ ಭಾಮಿನಿ ಷಟ್ಪದಿಯಲ್ಲಿ ಬರೆದ ‘ಪ್ರಭುಲಿಂಗಲೀಲೆ’ಯಲ್ಲಿ ಶರಣ ಅಲ್ಲಮನೂ ಗೋರಕ್ಷನೂ ಎದುರಾಗುವ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಗೋರಕ್ಷ ಕಾಯಸಿದ್ಧಿ ಪಡೆದವನು. ತನ್ನ ಮೈ ವಜ್ರವೆಂಬ ಹೆಮ್ಮೆ ಅವನದು. ಆ ಹೆಮ್ಮೆಯಲ್ಲೇ ಕತ್ತಿಯನ್ನು ಅಲ್ಲಮನ ಕೈಗೆ ಕೊಟ್ಟು ಹೊಡೆ ಎನ್ನುತ್ತಾನೆ. ಅಲ್ಲಮ ಬೀಸುತ್ತಾನೆ. ಏಟಿಗೆ ಸದ್ದು ಮೊಳಗುತ್ತದೆ, ಗೋರಕ್ಷನ ರೋಮವೂ ಕೊಂಕುವುದಿಲ್ಲ. ಪಾಶ್ಚಾತ್ಯ ಸಾಹಸಕಥೆಯಾಗಿದ್ದರೆ ಕತ್ತಿಗೆ ಬಗ್ಗದ ಈ ದೇಹವೇ ಖಳನ ಕೋಟೆಯಾಗಿ, ಅದನ್ನು ಒಡೆಯುವ ಗುಟ್ಟಿನ ಹುಡುಕಾಟದಲ್ಲಿ ಕಥೆ ಮುಂದೆ ಸಾಗುತ್ತಿತ್ತು. ಚಾಮರಸನಲ್ಲಿ ಸೋಲಿಗೆ ಆ ಸದ್ದೇ ಸಾಕ್ಷಿ. ಸದ್ದು ಬಂತೆಂದರೆ ಅಲ್ಲಿ ಇನ್ನೂ ದೇಹ ಉಳಿದಿದೆ; ತಾನು ಎಂಬುದು ಗಟ್ಟಿಯಾಗಿದೆಯೇ ಹೊರತು ಕರಗಿಲ್ಲ. ಬಳಿಕ ಸರದಿ ಬದಲಾಗುತ್ತದೆ. ಗೋರಕ್ಷ ಬೀಸಿದ ಕತ್ತಿ ಅಲ್ಲಮನನ್ನು ಹಾದು ಆ ಕಡೆ ಹೋಗುತ್ತದೆ. ತಡೆಯಿಲ್ಲ, ಸದ್ದಿಲ್ಲ, ಗಾಯವಿಲ್ಲ. ಗೋರಕ್ಷ ಶರಣಾಗುತ್ತಾನೆ. ಮುಂದೆ ಶೂನ್ಯಸಂಪಾದನೆಯ ಪರಂಪರೆಯೂ ಈ ಪ್ರಸಂಗವನ್ನು ಎತ್ತಿಕೊಂಡಿತು. ಚಾಮರಸನ ಕಾವ್ಯವಂತೂ ತೆಲುಗು, ತಮಿಳು, ಮರಾಠಿಗಳಿಗೂ ಹೋಯಿತು. ಇಲ್ಲಿ ಎರಡು ಬಗೆಯ ಅದ್ಭುತಗಳಿವೆ, ಎರಡನ್ನೂ ಅಳೆಯಲು ಇರುವ ಉಪಕರಣ ಒಂದೇ ಕತ್ತಿ. ಅದು ಯಾರನ್ನೂ ಕೊಲ್ಲುವುದಿಲ್ಲ, ಯಾರು ಎಷ್ಟು ಉಳಿದಿದ್ದಾರೆ ಎಂಬುದನ್ನಷ್ಟೇ ತೋರಿಸುತ್ತದೆ.

ಇದು ಧರ್ಮಕಾವ್ಯ, ಇದನ್ನು ಪೇಟೆಯ ಸಾಹಸಕಥೆಯ ಪಕ್ಕದಲ್ಲಿಡುವುದು ಅನ್ಯಾಯ ಎಂದು ಯಾರಾದರೂ ಹೇಳಬಹುದು. ಓದುಗನ ನಂಬಿಕೆಯನ್ನೇ ಪ್ರಕಾರದ ಅಳತೆಗೋಲಾಗಿ ಇಟ್ಟುಕೊಂಡರೆ ಆ ಮಾತು ಸರಿ. ಆದರೆ ಹೋಲಿಕೆ ನಡೆದಿರುವುದು ದೃಶ್ಯದ ಕಟ್ಟಡದ ಮೇಲೆ: ಆಯುಧ ಎಲ್ಲಿ ಬರುತ್ತದೆ, ಬಂದು ಏನು ಮಾಡುತ್ತದೆ, ಅದರ ಕೆಲಸ ಮುಗಿದ ಮೇಲೆ ಕಥೆ ಎಷ್ಟು ಉಳಿದಿರುತ್ತದೆ. ಇನ್ನೂ ಗಟ್ಟಿಯಾದ ಆಕ್ಷೇಪ ಗಡಿಯ ಆ ಬದಿಯಿಂದಲೇ ಬರುತ್ತದೆ. 1819ರಲ್ಲಿ ಧುಂಡಿಸುತ ಮಾಲು ರಚಿಸಿದ, ಮರಾಠಿ ಮನೆಗಳಲ್ಲಿ ಶ್ರಾವಣದಲ್ಲಿ ಪಾರಾಯಣವಾಗುವ ‘ನವನಾಥ ಭಕ್ತಿಸಾರ’ದಲ್ಲಿ ಗೋರಕ್ಷ ನಾಯಕ. ಮಂತ್ರಿಸಿದ ಭಸ್ಮ, ಅಸ್ತ್ರಕ್ಕೆ ಪ್ರತ್ಯಸ್ತ್ರ, ಗಂಡಸರಿಗೆ ಪ್ರವೇಶವಿಲ್ಲದ ಸ್ತ್ರೀರಾಜ್ಯ, ಎಲ್ಲವೂ ಅಲ್ಲಿವೆ. ಮಾಂತ್ರಿಕರ ಕಾಳಗಗಳಿಗೆ ಬರವಿಲ್ಲ. ಆದರೆ ಸ್ತ್ರೀರಾಜ್ಯದಲ್ಲಿ ಮೈಮರೆತ ಗುರು ಮಚ್ಛೀಂದ್ರನನ್ನು ಗೋರಕ್ಷ ಹೊರತರುವುದು ಮೃದಂಗದ ನುಡಿಯಿಂದ. ಅತ್ತ ‘ಪ್ರಭುಲಿಂಗಲೀಲೆ’ಯ ಬನವಾಸಿಯಲ್ಲಿ ಮಾಯೆಯ ಬಲೆಗೆ ಸಿಗದೆ ಹೋದ ಅಲ್ಲಮನ ಕೈಯಲ್ಲಿದ್ದದ್ದು ಮದ್ದಳೆ. ಎರಡು ಪಂಥಗಳು ಪರಸ್ಪರ ಎದುರಾದರೂ, ಮಾಯೆಯೆದುರು ವಾದ್ಯವನ್ನೇ ಹಿಡಿದವು.

ಶಿಲ್ಪದ ಸಾಕ್ಷ್ಯವೂ ಇದೇ ದಿಕ್ಕಿನದು. ಈ ಸೀಮೆಯ ಊರಂಚಿನ ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ವೀರ ಇರುವುದು ಕೆಳಗಿನ ಪಟ್ಟಿಯಲ್ಲಿ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕೂತಿರುತ್ತಾನೆ. ಮೇಲೆ ಹೋದಂತೆ ಆಯುಧ ಕೈಬಿಡುತ್ತದೆ. ನಿಲಂಗಾದ ನೀಲಕಂಠೇಶ್ವರ ಗುಡಿಯ ಹೊರಗೋಡೆಯಲ್ಲಿ ಸುರಸುಂದರಿಯರಿದ್ದಾರೆ. ಅವರ ಬಳಗದ ಬಹು ಪ್ರಸಿದ್ಧ ಹೆಣ್ಣು ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿದ್ದಾಳೆ: ಮೈ ಬಳುಕಿಸಿ ನಿಂತು ಶಾಸನ ಬರೆಯುವ ಬಾಲೆ. ಆರನೆಯ ವಿಕ್ರಮಾದಿತ್ಯ ಏಳು ದ್ವೀಪಗಳ ಭೂಮಿಯನ್ನೆಲ್ಲ ತನ್ನದಾಗಿಸಿಕೊಳ್ಳುವನು ಎಂಬುದು ಅವಳು ಬರೆಯುತ್ತಿರುವ ಸಂಸ್ಕೃತ ಪದ್ಯದ ಅರ್ಥ. ಹೋವರ್ಡ್ ತನ್ನ ನಾಯಕನಿಗಾಗಿ ಕಲ್ಪಿತ ಭೂಪಟವನ್ನೇ ಬರೆದು, ನಮ್ಮ ದೇಶವನ್ನು ಹೋಲುವ ‘ವೆಂಧ್ಯ’ ರಾಜ್ಯವನ್ನೂ ಅದರೊಳಗೆ ಸೇರಿಸಿದ್ದ. ಚಾಲುಕ್ಯರ ಶಿಲ್ಪಿಗೆ ಅಷ್ಟು ದೊಡ್ಡ ಕಲ್ಪಿತ ಭೂಗೋಳವನ್ನು ಗೆಲ್ಲಿಸಲು ಒಂದು ಲೇಖನಿ ಸಾಕಾಯಿತು. ಬಿಜಾಪುರದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮುಲ್ ಉಲೂಮ್’ ಹಸ್ತಪ್ರತಿ ಕತ್ತಿಯನ್ನು ಕೆಳಗಿಡುವ ಈ ಮಾತಿಗೆ ಅಪವಾದದಂತೆ ಕಾಣಬಹುದು. ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಆ ಸಚಿತ್ರ ಗ್ರಂಥದಲ್ಲಿ ಜ್ಯೋತಿಷ್ಯವೂ ಆಯುಧಗಳೂ ರೂಹಾನಿ ಎಂಬ ಶಕ್ತಿದೇವತೆಗಳೂ ಒಟ್ಟಿಗೆ ಇವೆ. ಅಲ್ಲಿ ಕತ್ತಿಯ ಮಹಿಮೆ ಕಡಿಮೆಯೇನಲ್ಲ. ಆದರೆ ರಾಜನಿಗೆ ಬೇಕಾದ ವಿದ್ಯೆಗಳ ಆ ಕಣಜದಲ್ಲಿ ಕತ್ತಿ ಮಾಟದ ಶತ್ರುವಲ್ಲ, ಅದರ ನೆರೆಯದು. ಉಕ್ಕು ನಿಜ, ಮಾಟ ಸುಳ್ಳು ಎಂಬ ಗೆರೆಯನ್ನು ಸುಲ್ತಾನರ ದಖ್ಖನೂ ಎಳೆಯಲಿಲ್ಲ.

ಬೇತಾಳ ಕಥೆಗಳಲ್ಲಿ ಮಾತ್ರ ಕಥೆಯ ರಾಜ ವಿಕ್ರಮಾದಿತ್ಯ ಕೊನೆಗೆ ಕತ್ತಿಯಿಂದಲೇ ಕಪಟ ಯೋಗಿಯ ತಲೆ ಕಡಿಯುತ್ತಾನೆ. ಈ ವಾದಕ್ಕೆ ಅತ್ಯಂತ ಕಷ್ಟದ ಸಾಕ್ಷ್ಯ ಇದು. ಆದರೂ ಆ ಏಟು ಸಾಧ್ಯವಾದದ್ದು ಹೇಗೆ? ಅಷ್ಟೂ ಕಥೆ ಕೇಳಿ, ಉತ್ತರ ಹೇಳಿ, ಮರಕ್ಕೆ ಮರಳಿ ಹೋಗಿ ಹೆಣ ಹೊತ್ತು ತಂದ ಮೇಲೆ ಬೇತಾಳನೇ ಉಪಾಯ ಹೇಳಿಕೊಟ್ಟ: ಯೋಗಿ ಅಡ್ಡಬೀಳು ಎಂದಾಗ, ಹೇಗೆಂದು ನೀನೇ ತೋರಿಸು ಎನ್ನು. ಯೋಗಿ ತೋರಿಸಲು ಬಾಗಿದ. ಕತ್ತಿ ಕೊನೆಯ ಕ್ಷಣದ ಕೆಲಸ ಮಾಡಿತು. ಅದಕ್ಕೆ ಮುನ್ನ ನಡೆದ ದುಡಿಮೆಯೆಲ್ಲ ಕಿವಿಯದು, ವಿವೇಕದ್ದು. ಕನ್ನಡದ ‘ಚಂದಮಾಮ’ವೂ ಮರಾಠಿಯ ‘ಚಾಂದೋಬಾ’ವೂ ಕೆ.ಸಿ. ಶಿವಶಂಕರನ್ ಅವರ ಕುಂಚದಿಂದ ಮನೆಮನೆಗೆ ಮುಟ್ಟಿಸಿದ ಆ ಚಿತ್ರದಲ್ಲಿ ರಾಜನ ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಇನ್ನೂ ಯಾರ ಮೇಲೂ ಬೀಸದ ಕತ್ತಿ ಅದು.

ಹೋವರ್ಡ್‌ನಲ್ಲೂ ಕತ್ತಿಯೇ ತೀರ್ಪು ಎಂಬ ಎಣಿಕೆ ಎಲ್ಲೆಡೆ ಒಂದೇ ಸಮನಾಗಿಲ್ಲ ಎಂಬುದನ್ನು ಒಪ್ಪಬೇಕು. 1933ರ ‘ದಿ ಟವರ್ ಆಫ್ ದಿ ಎಲಿಫಂಟ್’ ಕಥೆಯಲ್ಲಿ ಕೋನನ್ ಗೋಪುರ ಹತ್ತಿ ಹೋಗಿ ಕಾಣುವುದು ಚಿತ್ರಹಿಂಸೆಯಿಂದ ನುಗ್ಗಾಗಿ, ಕಣ್ಣು ಕಳೆದುಕೊಂಡು ಕೂತ ಆನೆಮೊಗದ ಜೀವಿಯನ್ನು. ಗೋಪುರದ ಮಾಂತ್ರಿಕನ ಮಣಿಯನ್ನು ಕದಿಯಲು ಬಂದವನು ಅದರ ಕೋರಿಕೆಯಂತೆಯೇ ಅದರ ಎದೆಗೆ ಕತ್ತಿ ಹಾಕುತ್ತಾನೆ. ಮಾಂತ್ರಿಕ ಸಾಯುವುದು ಆ ರಕ್ತ ಕುಡಿದ ಮಣಿಯ ಮಾಟದಿಂದ, ಕೋನನ್‌ನ ಏಟಿನಿಂದಲ್ಲ. ಗಣಪತಿಯ ನಾಡಿನ ಓದುಗನಿಗೆ ಈ ಕಥೆ ಬೇಗ ಹತ್ತಿರವಾಗುತ್ತದೆ. ಹೋವರ್ಡ್‌ನ ಅತ್ಯುತ್ತಮ ಕಥೆಗಳಲ್ಲಿ ಅದೂ ಒಂದು. ಅಷ್ಟಾದರೂ ಕೋನನ್ ಕುಸಿಯುವ ಗೋಪುರದಿಂದ ಹೊರಬರುವಾಗ ಬದಲಾದವನಲ್ಲ. ಮುಂದಿನ ಕಥೆಗೆ ಅದೇ ಮೈ, ಅದೇ ಕತ್ತಿ ಹೊತ್ತು ಹೋಗುತ್ತಾನೆ. ಕಂತುಕಂತಾಗಿ ಬೆಳೆಯಬೇಕಾದ ಪತ್ರಿಕೆಯ ನಾಯಕ ಬದಲಾಗದೆ ಇರಲೇಬೇಕಿತ್ತು. ಚಾಮರಸನಿಗೆ ಆ ಕಟ್ಟುಪಾಡಿರಲಿಲ್ಲ. ಅವನ ಗೋರಕ್ಷ ಅದೇ ಪ್ರಸಂಗದೊಳಗೆ ಎದುರಾಳಿಯಿಂದ ಶಿಷ್ಯನಾದ.