ಯಾಶಿಕಾ ಜಿಎಸ್, ಜಿಎಸ್‌ಎನ್, ಕ್ಯಾನೊನೆಟ್: ನಿಮ್ಮ ಮನೆಯಲ್ಲಿರುವುದು ಯಾವುದು?



ಮನೆಯ ಟ್ರಂಕಿನಲ್ಲೋ ಮುಚ್ಚಿದ ಸ್ಟುಡಿಯೋದ ಕಪಾಟಿನಲ್ಲೋ ರೀಲು ಹಾಕುವ ಹಳೆಯ ಕ್ಯಾಮೆರಾ ಇದ್ದರೆ ಗುಜರಿಗೆ ಹಾಕುವ ಮುನ್ನ ಇದನ್ನು ಓದಿ. ಗುಡ್ಡಾಪುರ ದಾನಮ್ಮದೇವಿಯ ಜಾತ್ರೆ, ಕನ್ನಡ ಶಾಲೆಯ ಗ್ಯಾದರಿಂಗ್, ಮನೆಯ ಮದುವೆ: ಜತ್ತ ಭಾಗದ ನಮ್ಮ ಮಂದಿಯ ಎಷ್ಟೋ ನೆನಪು ಇಂಥ ರೀಲುಗಳಲ್ಲಿವೆ.

ಮೊದಲು ಮಾಡಬೇಕಾದ್ದು

ಹಿಂಬದಿಯ ಮುಚ್ಚಳ ತೆರೆಯಬೇಡಿ. ಮೇಲೆ ಎಡಗಡೆ ಇರುವ ರೀಲು ಸುತ್ತುವ ಹಿಡಿಕೆಯನ್ನು ಬಾಣದ ಗುರುತಿನತ್ತ ಮೆಲ್ಲಗೆ ತಿರುಗಿಸಿ. ಬಿಗಿ ಹತ್ತಿದರೆ ಒಳಗೆ ರೀಲಿದೆ ಎಂದರ್ಥ. ತಳದ ಸಣ್ಣ ಗುಂಡಿ ಒತ್ತಿ, ಪೂರ್ತಿ ಹಿಂದಕ್ಕೆ ಸುತ್ತಿದ ಮೇಲಷ್ಟೇ ತೆರೆಯಿರಿ.

ಯಾಶಿಕಾ ಎಲೆಕ್ಟ್ರೋ 35

ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಇದು. ಮೊದಲ ಮಾದರಿ ಬಂದದ್ದು 1966ರಲ್ಲಿ. ಜಿಎಸ್ (1970) ಮತ್ತು ಜಿಎಸ್‌ಎನ್ (1973) ನೋಡಲು ಒಂದೇ. ಎರಡಕ್ಕೂ 45 ಮಿ.ಮೀ., ಎಫ್/1.7 ಲೆನ್ಸ್. ಜಿಎಸ್‌ಎನ್‌ನಲ್ಲಿ ಫ್ಲ್ಯಾಶ್ ಕೂರಿಸಿದರೆ ಸಾಕು, ವೈರು ಬೇಡ. ಇವುಗಳ ಕಪ್ಪು ರೂಪಗಳೇ ಜಿಟಿ, ಜಿಟಿಎನ್.

ಅಪರ್ಚರ್ ನೀವು ಇಡಿ, ವೇಗವನ್ನು ಕ್ಯಾಮೆರಾ ಆರಿಸುತ್ತದೆ. ಕೈಯಿಂದ ಬದಲಿಸಲು ಬರುವುದಿಲ್ಲ. ಹಳದಿ ದೀಪ ಹತ್ತಿದರೆ ವೇಗ ಕಡಿಮೆ, ಕ್ಯಾಮೆರಾ ಅಲುಗದಂತೆ ಇಡಿ. ಕೆಂಪು ಹತ್ತಿದರೆ ಬೆಳಕು ಹೆಚ್ಚು.

ಕ್ಯಾನೊನೆಟ್ ಕ್ಯೂಎಲ್17 ಜಿ-III

1972ರದ್ದು. 40 ಮಿ.ಮೀ., ಎಫ್/1.7 ಲೆನ್ಸ್. ತೂಕ ಸುಮಾರು 620 ಗ್ರಾಂ. ಯಾಶಿಕಾ 750ರ ಹತ್ತಿರ. ಇಲ್ಲಿ ವೇಗ ನೀವು ಇಡಿ, ಅಪರ್ಚರನ್ನು ಕ್ಯಾಮೆರಾ ಆರಿಸುತ್ತದೆ. ‘ಎ’ಯಲ್ಲಿಟ್ಟಾಗ ಬೆಳಕು ಸಾಲದಿದ್ದರೆ ಬಟನ್ ಒತ್ತಿದರೂ ಫೋಟೊ ಬೀಳುವುದಿಲ್ಲ. ಅದು ಕೆಟ್ಟಿಲ್ಲ; ‘ಎ’ ಬಿಟ್ಟು ಬೇರೆ ಅಂಕಿಗೆ ತಿರುಗಿಸಿ ನೋಡಿ. ಹೆಸರು ಹತ್ತಿರದ ಕ್ಯೂಎಲ್19 ಜಿ-III ಬೇರೆ. ಅದರದ್ದು 45 ಮಿ.ಮೀ., ಎಫ್/1.9 ಲೆನ್ಸ್.

ಬ್ಯಾಟರಿ ಇಲ್ಲದಿದ್ದರೆ?

ದೊಡ್ಡ ವ್ಯತ್ಯಾಸ ಇಲ್ಲೇ. ಎರಡಕ್ಕೂ ಬೇಕಿದ್ದ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ.

- ಕ್ಯಾನೊನೆಟ್: ಬ್ಯಾಟರಿ ಬೇಕಾದದ್ದು ಬೆಳಕು ಅಳೆಯಲು ಮಾತ್ರ. ಅದಿಲ್ಲದೆಯೂ ಎಲ್ಲ ವೇಗಗಳೂ ನಡೆಯುತ್ತವೆ. ಕಿವಿಯ ಯಂತ್ರದ 675 ಸೆಲ್ಲಿಗೆ ಸುತ್ತ ಒಂದು ಉಂಗುರ ಹಾಕಿ ಕೂರಿಸಬಹುದು.
- ಯಾಶಿಕಾ: ಬ್ಯಾಟರಿ ಇಲ್ಲದಿದ್ದರೆ 1/500 ಒಂದೇ ವೇಗ. ಬಿಸಿಲಿಗೆ ನಡೆದೀತು, ರಾತ್ರಿಯ ದೀಪೋತ್ಸವಕ್ಕೆ ಆಗದು. 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿಯನ್ನು ಅಡಾಪ್ಟರ್ ಜೊತೆ ಹಾಕಿ. ಹಿಂದಿನ ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿದರೆ ಬ್ಯಾಟರಿ ಸರಿ.

ನಮ್ಮ ಸಲಹೆ

ಹೊಸದಾಗಿ ಕಲಿಯುವವರಿಗೆ, ಸಂಜೆಯ ಬೆಳಕಿನಲ್ಲಿ ತೆಗೆಯುವವರಿಗೆ ಜಿಎಸ್‌ಎನ್ ಸುಲಭ. ಎಲ್ಲವನ್ನೂ ಕೈಯಲ್ಲೇ ಹೊಂದಿಸಬೇಕೆನ್ನುವವರಿಗೆ ಕ್ಯಾನೊನೆಟ್. ಕೊಳ್ಳುವಾಗ ಯಾಶಿಕಾದ ಸನ್ನೆ ಎಳೆದು ನೋಡಿ. ‘ಟಕ್’ ಸದ್ದು ಬಾರದಿದ್ದರೆ ಒಳಗಿನ ರಬ್ಬರ್ ತುಂಡು ಕರಗಿರಬಹುದು, ರಿಪೇರಿ ಬೇಕಾಗುತ್ತದೆ. ಲೆನ್ಸಿನೊಳಗೆ ಬೂಷ್ಟು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಒಳಗೆ ರೀಲು ಸಿಕ್ಕರೆ ಎಷ್ಟೇ ಹಳೆಯದಾಗಿದ್ದರೂ ಎಸೆಯಬೇಡಿ, ತೊಳೆಸಿ. ಬಂದ ಫೋಟೊದ ಹಿಂದೆ ಊರು, ವರ್ಷ, ಹೆಸರುಗಳನ್ನು ಹಿರಿಯರಿಂದ ಕೇಳಿ ಕನ್ನಡದಲ್ಲಿ ಬರೆದಿಡಿ.