ಹಳೇ ಉಳುಕೇ ಹೊಸ ಗಾಯಕ್ಕೆ ದಾರಿ: ಕ್ರೀಡಾಕೂಟದಲ್ಲಿ ಪೆಟ್ಟು ತಪ್ಪಿಸೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಆಗಸ್ಟ್ ಬಂತು ಅಂದ್ರೆ ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ. ಅದರ ಬೆನ್ನಿಗೇ ದಸರಾ ಕ್ರೀಡಾಕೂಟ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಯುವಕ ಸಂಘಗಳ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್. ಬೇಸಿಗೆಗೆ ಟೆನಿಸ್ ಬಾಲ್ ಕ್ರಿಕೆಟ್. ಕಪ್ ಹಿಡಿದ ಫೋಟೊ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತೆ. ಮಂಡಿ ತಿರುಚಿಕೊಂಡು ಮೂರು ತಿಂಗಳು ಕೆಲಸಕ್ಕೆ ಹೋಗದೆ ಮನೇಲಿ ಕೂತವರ ಫೋಟೊ ಮಾತ್ರ ಎಲ್ಲೂ ಇರಲ್ಲ.

"ಆಟ ಅಂದ್ಮೇಲೆ ಪೆಟ್ಟು ಬೀಳದೆ ಇರುತ್ತಾ" ಅನ್ನೋದು ಊರಿನ ಮಾತು. ಅದು ಅರ್ಧ ನಿಜ ಅಷ್ಟೇ. ಒಬ್ಬರ ಮೇಲೊಬ್ಬರು ಬಿದ್ದು ಆಗುವ ಪೆಟ್ಟನ್ನು ಪೂರ್ತಿ ತಡೆಯೋಕಾಗಲ್ಲ. ಆದರೆ ಎದುರಾಳಿ ಮುಟ್ಟದೆಯೇ ಆಗುವ ಗಾಯಗಳೂ ಬಹಳ. ಅವುಗಳ ಹಿಂದೆ ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ: ಮೈ ಬಿಸಿ ಮಾಡದೆ ಆಟಕ್ಕೆ ಇಳಿಯುವುದು, ದೇಹದ ಅಳತೆ ಮೀರಿ ಆಡುವುದು, ಹಳೇ ಗಾಯ ವಾಸಿಯಾಗುವ ಮುಂಚೆ ವಾಪಸ್ ಬರುವುದು. ಈ ಮೂರರಲ್ಲಿ ಕೊನೆಯದೇ ದೊಡ್ಡದು.

ನೋವು ಹೋದ್ರೆ ವಾಸಿ ಆಯ್ತು ಅಂತಲ್ಲ

ಪಾದ ಒಳಕ್ಕೆ ಮಡಚಿದಾಗ ಕಣಕಾಲಿನ ಹೊರಬದಿಯ ಲಿಗಮೆಂಟ್ ಎಳೆದುಕೊಳ್ಳುತ್ತದೆ ಇಲ್ಲವೇ ಹರಿಯುತ್ತದೆ. ಇದೇ ಉಳುಕು. ವಾಲಿಬಾಲ್‌ನಲ್ಲಿ ನೆಟ್ ಹತ್ತಿರ ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲು ಬಿದ್ದು, ಕಬಡ್ಡಿಯಲ್ಲಿ ರೈಡರ್ ತಟ್ಟನೆ ನಿಂತು ತಿರುಗುವಾಗ ಇದು ಆಗುತ್ತದೆ.

ಊತ, ನೋವು ಒಂದೆರಡು ವಾರದಲ್ಲಿ ಇಳಿಯಬಹುದು. ಆದರೆ ಕಾಲು ಎಲ್ಲಿ ಹೇಗೆ ಊರಿದೆ ಅಂತ ಮೆದುಳಿಗೆ ತಿಳಿಸುವ ಶಕ್ತಿಯೂ ಆ ಪೆಟ್ಟಿನಲ್ಲಿ ಕುಂದಿರುತ್ತದೆ. ಅದು ವಾಪಸ್ ಬರದೆ ಆಡಿದರೆ ಅದೇ ಕಾಲು ಮತ್ತೆ ಉಳುಕುತ್ತದೆ. ಎರಡು ಮೂರು ಸಲ ಹೀಗಾದ್ರೆ ಕಣಕಾಲು ಸಡಿಲವಾಗಿ, ಸಮತಟ್ಟಾದ ರಸ್ತೆಯಲ್ಲೂ ಮಡಚುವ ಹಂತಕ್ಕೆ ಬರಬಹುದು.

ಇದಕ್ಕೆ ಖರ್ಚಿಲ್ಲದ ಮದ್ದು ಒಂಟಿ ಕಾಲಲ್ಲಿ ನಿಲ್ಲುವುದು. ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ. ಹಲ್ಲುಜ್ಜುವಾಗಲೇ ದಿನಾ ಮಾಡಬಹುದು. ಒಳ್ಳೆ ಕಾಲಿನಷ್ಟೇ ಹೊತ್ತು ಉಳುಕಿದ ಕಾಲಿನಲ್ಲೂ ಅಲುಗಾಡದೆ ನಿಲ್ಲೋಕೆ ಆಗದಿದ್ದರೆ ಅದು ಇನ್ನೂ ಆಟಕ್ಕೆ ತಯಾರಾಗಿಲ್ಲ.

ಆಟಕ್ಕೆ ಮುಂಚಿನ 20 ನಿಮಿಷ

ಬೈಕ್ ಇಳಿದು, ಜೆರ್ಸಿ ಹಾಕಿಕೊಂಡು ನೇರ ಅಂಕಣಕ್ಕೆ ಹೋಗುವುದು ನಮ್ಮ ಕಡೆ ಮಾಮೂಲು. ಫುಟ್‌ಬಾಲ್ ಆಟಗಾರರಿಗಾಗಿ ಫಿಫಾ ರೂಪಿಸಿದ 'ಇಲೆವನ್ ಪ್ಲಸ್' ಅನ್ನೋ ವಾರ್ಮ್‌ಅಪ್ ಸುಮಾರು 20 ನಿಮಿಷದ್ದು. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಅದರ ಕ್ರಮ ಕಬಡ್ಡಿ, ಖೋ ಖೋಗೂ ಹೊಂದುತ್ತದೆ:

1. ಮೊದಲ 8 ನಿಮಿಷ: ನಿಧಾನ ಓಟ, ಪಕ್ಕಕ್ಕೆ ಓಟ, ಹಿಮ್ಮುಖ ಓಟ, ಓಡುತ್ತಾ ಮಂಡಿ ಎತ್ತಿ ಸೊಂಟ ತಿರುಗಿಸುವುದು.
2. ಮುಂದಿನ 10 ನಿಮಿಷ: ಪ್ಲ್ಯಾಂಕ್, ಬಸ್ಕಿ, ಒಂಟಿ ಕಾಲ ನಿಲುವು, ಹಾರಿ ಮೆತ್ತಗೆ ಇಳಿಯುವುದು. ಇಳಿಯುವಾಗ ಮಂಡಿ ಒಳಕ್ಕೆ ವಾಲಬಾರದು, ಬೆರಳಿನ ನೇರಕ್ಕೇ ಇರಬೇಕು.
3. ಕೊನೆಯ 2 ನಿಮಿಷ: ಜೋರು ಓಟ, ತಟ್ಟನೆ ದಿಕ್ಕು ಬದಲಿಸುವುದು.

ಓಟಗಾರರು, ರೈಡರ್‌ಗಳಿಗೆ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ಳುವುದು ಜಾಸ್ತಿ. ಅದಕ್ಕೆ 'ನಾರ್ಡಿಕ್' ವ್ಯಾಯಾಮ ಇದೆ. ಮಂಡಿಯೂರಿ ಕೂತು, ಹಿಂದಿನಿಂದ ಗೆಳೆಯ ಕಣಕಾಲು ಒತ್ತಿ ಹಿಡಿದಿರುವಾಗ, ಬೆನ್ನು ನೆಟ್ಟಗಿಟ್ಟುಕೊಂಡು ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಶುರುವಿನಲ್ಲಿ ನಾಲ್ಕೈದು ಸಲ ಸಾಕು. ಇದನ್ನು ಪಂದ್ಯದ ದಿನ ಹೊಸದಾಗಿ ಶುರು ಮಾಡಬಾರದು, ವಾರಗಟ್ಟಲೆ ಮುಂಚೆ ಅಭ್ಯಾಸ ಇರಬೇಕು.

ಶಾಲಾ, ಕಾಲೇಜು ಹೆಣ್ಣುಮಕ್ಕಳಿಗೆ ಮಂಡಿಯ ಎಸಿಎಲ್ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಹಾರಿ ಇಳಿಯುವ ಅಭ್ಯಾಸವನ್ನು ಪಿಇ ಟೀಚರ್‌ಗಳು ಖೋ ಖೋ, ಥ್ರೋಬಾಲ್ ತಂಡಗಳಿಗೆ ಮರೆಯದೆ ಮಾಡಿಸಬೇಕು.

ರಾತ್ರಿಯಿಡೀ ಪಂದ್ಯ

ಹೊನಲು ಬೆಳಕಿನ ಟೂರ್ನಿಯಲ್ಲಿ ರಾತ್ರಿ 9ಕ್ಕೆ ಮೊದಲ ಪಂದ್ಯ, ಫೈನಲ್ ಬೆಳಗಿನ ಜಾವ 4ಕ್ಕೆ. ನಿದ್ದೆ ಇಲ್ಲ, ಹೊಟ್ಟೆಗೆ ಚಿತ್ರಾನ್ನ, ಟೀ. ದಣಿದ ಕಾಲು ಹೇಳಿದ ಮಾತು ಕೇಳಲ್ಲ. ಆಯೋಜಕರು ತಂಡಗಳ ಸಂಖ್ಯೆಗೆ ಮಿತಿ ಹಾಕಬಹುದು, ಇಲ್ಲವೇ ಎರಡು ದಿನಕ್ಕೆ ಹಂಚಬಹುದು. ಎರಡು ಪಂದ್ಯದ ನಡುವೆ ತುಂಬಾ ಹೊತ್ತು ಕೂತಿದ್ದರೆ ಮತ್ತೆ ಮೈ ಬಿಸಿ ಮಾಡಿಕೊಂಡೇ ಇಳಿಯಬೇಕು.

ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗಳಿಗೆ ಇದು ಇನ್ನೂ ಮುಖ್ಯ. ಒಂದೇ ಸಮನೆ ಬೌಲಿಂಗ್ ಮಾಡಿದರೆ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಬಿಡಬಹುದು. ಕರ್ನಾಟಕದ ಪ್ರಸಿದ್ಧ್ ಕೃಷ್ಣ ಇಂಥದ್ದೇ ತೊಂದರೆಯಿಂದ ಸುಮಾರು ಒಂದು ವರ್ಷ ಆಟದಿಂದ ದೂರ ಇದ್ದು, 2023ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೆ ಮರಳಿದರು. ಬೆಳೆಯುವ ಹುಡುಗರಿಗೆ ಬೌಲಿಂಗ್ ಮಾಡುವಾಗ ಸೊಂಟ ನೋಯುತ್ತಿದ್ದರೆ ಅದನ್ನು 'ಬೆಳವಣಿಗೆ ನೋವು' ಅಂತ ತಳ್ಳಿಹಾಕಬಾರದು.

ಮೈದಾನ, ಶೂ, ಸುಣ್ಣ

* ಪಂದ್ಯಕ್ಕೆ ಮುಂಚೆ ಕಲ್ಲು, ಗಾಜಿನ ಚೂರು, ಪೆಂಡಾಲ್ ಗೂಟ ತೆಗೆಸಿ. ಕಬಡ್ಡಿ ಅಂಕಣದ ಸುತ್ತ ಜಾಗ ಖಾಲಿ ಇರಲಿ. ಗೆರೆಗೆ ತಾಗಿಸಿ ಕುರ್ಚಿ, ಲೈಟ್ ಕಂಬ ಬೇಡ.
* ಗೆರೆ ಹಾಕಲು ಮನೆಗೆ ಬಳಿಯುವ ಸುಣ್ಣ ಬಳಸಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ಬಳಸಿ. ಸುಣ್ಣ ಬಿದ್ದೇ ಬಿಟ್ಟರೆ ಉಜ್ಜದೆ, ಕನಿಷ್ಠ 20 ನಿಮಿಷ ಧಾರಾಳ ನೀರಿನಲ್ಲಿ ಕಣ್ಣು ತೊಳೆದು ಆಸ್ಪತ್ರೆಗೆ ಹೋಗಿ.
* ಓಟದ ಶೂ ನೇರ ಓಟಕ್ಕೆ ಮಾಡಿದ್ದು. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ತಿರುಗಿದಾಗ ಕಾಲು ವಾಲುತ್ತದೆ. ಮ್ಯಾಟ್ ಕಬಡ್ಡಿಗೆ, ವಾಲಿಬಾಲ್‌ಗೆ ಚಪ್ಪಟೆ ಅಡಿಯ, ಹಿಡಿತ ಇರುವ ಶೂ ಬೇಕು. ಅಂಗಡಿಯವರು "ಯಾವ ಆಟಕ್ಕೆ?" ಅಂತ ಕೇಳಿ ಕೊಟ್ಟರೆ ಒಳ್ಳೆಯದು.
* ಉಂಗುರ, ಕಡಗ, ವಾಚ್ ಬಿಚ್ಚಿಡಿ. ಉಗುರು ಕತ್ತರಿಸಿ.

ಪೆಟ್ಟು ಬಿದ್ದ ಮೇಲೆ

ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ಬೇಡ. ಒಳಗೆ ರಕ್ತ ಒಸರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಆಟ ನಿಲ್ಲಿಸಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ನೋವು ತಗ್ಗಲು ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಬಹುದು.

ಇವು ಕಂಡರೆ ತಡ ಮಾಡಬೇಡಿ:

* ಪೆಟ್ಟಾದ ಕಾಲಿನಲ್ಲಿ ನಾಲ್ಕು ಹೆಜ್ಜೆ ಹಾಕಲೂ ಆಗದಿದ್ದರೆ, ಕಣಕಾಲಿನ ಗಂಟು ಮೂಳೆ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಬೇಕು. ಪುತ್ತೂರು ಕಟ್ಟು ಹಾಕಿಸುವ ಯೋಚನೆ ಇದ್ದರೂ ಮೊದಲು ಎಕ್ಸ್‌ರೇ.
* ಮಂಡಿಯಲ್ಲಿ 'ಟಪ್' ಅಂತ ಸದ್ದಾಗಿ ಕೆಲವೇ ಗಂಟೆಯಲ್ಲಿ ಊದಿದರೆ ಮೂಳೆ ಡಾಕ್ಟರ್ ನೋಡಲೇಬೇಕು.
* ತಲೆಗೆ ಪೆಟ್ಟು ಬಿದ್ದು ಮಂಕಾದರೆ, ತಲೆಸುತ್ತು ಬಂದರೆ ಆ ದಿನ ಮತ್ತೆ ಆಡಿಸಬಾರದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಪ್ರಜ್ಞೆ ತಪ್ಪುವುದು ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.
* ಬಿಸಿಲಲ್ಲಿ ಆಡಿ ಮೈ ಸುಡುತ್ತಾ ತಡಬಡಾಯಿಸಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, 108 ಕರೆಯಿರಿ. ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ನೀರು ಹಾಕಬೇಡಿ.

ಮಾತ್ರೆ ನುಂಗಿ ಫೈನಲ್ ಆಡೋದು

ಸೆಮಿಫೈನಲ್‌ನಲ್ಲಿ ಕಾಲು ಹಿಡಿದುಕೊಂಡರೆ ಫೈನಲ್‌ಗೆ ನೋವಿನ ಮಾತ್ರೆ, ಇಂಜೆಕ್ಷನ್, ಸ್ಪ್ರೇ. ಇವು ನೋವಿನ ಬಾಯಿ ಮುಚ್ಚಿಸುತ್ತವೆ, ಹರಿದ ನಾರನ್ನು ಹೊಲಿಯಲ್ಲ. ನೋವು ಗೊತ್ತಾಗದ ಕಾಲು ಇನ್ನಷ್ಟು ಹರಿಯುತ್ತದೆ. ಬೆವರಿ ನೀರಿನಂಶ ಕಡಿಮೆಯಾದ ದೇಹಕ್ಕೆ ನೋವಿನ ಮಾತ್ರೆಯಿಂದ ಕಿಡ್ನಿಗೂ ತೊಂದರೆ. ಮೆಡಿಕಲ್ ಸ್ಟೋರ್‌ನವರು ಡಾಕ್ಟರ್ ಚೀಟಿ ಇಲ್ಲದೆ ಇವನ್ನು ಕೊಡದಿರುವುದೇ ಆ ಹುಡುಗನಿಗೆ ಮಾಡುವ ಉಪಕಾರ.

ವಾಪಸ್ ಯಾವಾಗ?

ಮಂಗಳೂರಿನ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ಐಪಿಎಲ್‌ನಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಗಾಯ ಮಾಡಿಕೊಂಡರು. ಆಪರೇಷನ್ ಆಯಿತು. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಬಿಟ್ಟುಕೊಟ್ಟರು. ನಾಲ್ಕು ತಿಂಗಳ ನಂತರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ಹೊಡೆದರು. ಮಂಡಿಯ ಎಸಿಎಲ್ ಆಪರೇಷನ್ ಆದವರಿಗೆ ಕನಿಷ್ಠ 9 ತಿಂಗಳು ಕಾಯಲು ಹೇಳುತ್ತಾರೆ.

ಉಳುಕಿದ ಕಾಲಿಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇಷ್ಟು: ಊತ ಇಲ್ಲ, ಒಂಟಿ ಕಾಲಲ್ಲಿ ನಿಲ್ಲಬಹುದು, ಅದೇ ಕಾಲಲ್ಲಿ ಕುಂಟಾಬಿಲ್ಲೆ ಥರ ಹತ್ತು ಸಲ ಹಾರಬಹುದು, ಜೋರಾಗಿ ಓಡಿ ತಟ್ಟನೆ ತಿರುಗಬಹುದು. ಎಲ್ಲವೂ ಮಾತ್ರೆ ಇಲ್ಲದೆ, ನೋವಿಲ್ಲದೆ ಆದ್ರೆ ಮೊದಲು ಅಭ್ಯಾಸಕ್ಕೆ ಇಳಿಯಿರಿ, ಆಮೇಲೆ ಪಂದ್ಯಕ್ಕೆ. ಒಂದರಲ್ಲಿ ಎಡವಿದರೂ ಈ ವಾರದ ಟೂರ್ನಿ ಬಿಡಿ. ನಮ್ಮ ತಾಲ್ಲೂಕಿನಲ್ಲಿ ಟೂರ್ನಿಗೆ ಬರ ಇಲ್ಲ, ಮುಂದಿನ ತಿಂಗಳು ಇನ್ನೊಂದು ಬಂದೇ ಬರುತ್ತೆ.