ಹಳೆಯ ದೂರದರ್ಶಕಗಳ ಜೀರ್ಣೋದ್ಧಾರ: ಎಡೆದೊರೆ ನಾಡಿನ ಎರಡು ಗ್ರಹಣಗಳೂ ನಿಜಾಮಿಯಾ ವೇಧಶಾಲೆಯೂ

ರಾಯಚೂರು ತಾಲ್ಲೂಕಿನ ಕಲ್ಮಲ ಗ್ರಾಮವು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಗೆ ಸೇರಿದುದು. ಶಾಸನಗಳು ಎಡೆದೊರೆ ನಾಡೆಂದು ಕರೆಯುವ ಈ ಪ್ರದೇಶದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅರಸುಮನೆತನಗಳ ಕಾದಾಟದ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಆದರೆ ವಿಜ್ಞಾನದ ಇತಿಹಾಸದಲ್ಲಿಯೂ ಈ ಸೀಮೆಗೆ ಒಂದು ಸ್ಥಾನವುಂಟು. 1868ರ ಆಗಸ್ಟ್ 18ರಂದು ಒಮ್ಮೆ, 1980ರ ಫೆಬ್ರವರಿ 16ರಂದು ಮತ್ತೊಮ್ಮೆ ಚಂದ್ರನ ನೆರಳು ಈ ನೆಲದ ಮೇಲೆ ಹಾದುಹೋಗಿ ಖಗ್ರಾಸ ಸೂರ್ಯಗ್ರಹಣವುಂಟಾಯಿತು. ಈ ಎರಡು ಗ್ರಹಣಗಳ ನಡುವಣ ನೂರಹನ್ನೊಂದು ವರ್ಷಗಳಲ್ಲಿ ದಕ್ಷಿಣ ಭಾರತದ ಕೆಲವು ಹಳೆಯ ವಕ್ರೀಭವನ ದೂರದರ್ಶಕಗಳು ಹೇಗೆ ಉಳಿದು ಬಂದುವು, ಯಾವ ದುರಸ್ತಿಯಿಂದ ಹೊಸ ಕೆಲಸಕ್ಕೆ ಒದಗಿದುವು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಬಯಸುತ್ತೇವೆ. ಕಾಲೇಜುಗಳ ಭೌತವಿಜ್ಞಾನ ವಿಭಾಗಗಳಲ್ಲಿ ಬೀರುವಿನೊಳಗೆ ಧೂಳು ಹಿಡಿದು ಕುಳಿತಿರುವ ದೂರದರ್ಶಕಗಳಿಗೂ ಈ ವಿಚಾರ ಸಂಬಂಧಿಸಿದುದೆಂಬುದನ್ನು ಓದುಗರು ಮುಂದೆ ಕಾಣುವರು.

1868ರ ಗ್ರಹಣದ ನೆರಳು ಜಮಖಂಡಿ, ಬಿಜಾಪುರಗಳಿಂದ ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಸಾಗಿತು. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದನು. ಅವನ ಬಳಿಯಿದ್ದುದು 5 ಅಂಗುಲದ ಒಂದು ವಕ್ರೀಭವನ ದೂರದರ್ಶಕ. ಅದರ ಹಿಂದೆ ಜೋಡಿಸಿದ ಒಂದು ರೋಹಿತದರ್ಶಕ. ಮೋಡಗಳ ಎಡೆಯಲ್ಲಿ ದೊರೆತ ಅಲ್ಪಕಾಲದಲ್ಲಿಯೇ ಸೂರ್ಯನ ಅಂಚಿನಿಂದ ಚಿಮ್ಮುವ ಕೆಂಪು ಜ್ವಾಲೆಗಳ ರೋಹಿತದಲ್ಲಿ ಉಜ್ಜ್ವಲ ರೇಖೆಗಳಿರುವುದನ್ನು ಅವನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲದ ರಾಶಿಗಳೆಂಬುದು ಹೀಗೆ ಸ್ಪಷ್ಟವಾಯಿತು. ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಸಹ ಅದೇ ದಿನ ಇದೇ ನಿರ್ಣಯಕ್ಕೆ ಬಂದನು. ಇಲ್ಲಿ ಒಂದು ಸಂಗತಿ ಗಮನಾರ್ಹ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಬಣ್ಣದ ದೋಷವನ್ನು ತಗ್ಗಿಸುವ ಮಸೂರಕ್ಕೆ ಡಾಲಂಡ್ ಇಂಗ್ಲೆಂಡಿನಲ್ಲಿ 1758ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಹರ್ಷೆಲನ ದೂರದರ್ಶಕದ ಮಸೂರವೂ ಆ ಜಾತಿಯದೇ. ಹೊಸ ಶೋಧವನ್ನು ಸಾಧ್ಯಗೊಳಿಸಿದುದು ಮುಂದಿನ ಮಸೂರವಲ್ಲ, ಅದರ ಹಿಂದೆ ಕೂಡಿಸಿದ ಉಪಕರಣ.

ವಕ್ರೀಭವನ ದೂರದರ್ಶಕದ ಸ್ವಭಾವವೇ ಹೀಗೆ. ಅದರ ವಸ್ತುಮಸೂರದಲ್ಲಿ ಕ್ರೌನ್ ಗಾಜಿನದೊಂದು, ಫ್ಲಿಂಟ್ ಗಾಜಿನದೊಂದು, ಹೀಗೆ ಎರಡು ಮಸೂರಗಳಿರುತ್ತವೆ. ಪ್ರತಿಫಲನ ದೂರದರ್ಶಕದ ಕನ್ನಡಿಯ ಮೇಲಣ ಬೆಳ್ಳಿಯ ಲೇಪ ಮಾಸುವಂತೆ ಗಾಜು ಮಾಸುವುದಿಲ್ಲ. ತೇವ, ಬೂಷ್ಟು ಮತ್ತು ಒರಟು ಕೈಗಳಿಂದ ಕಾಪಾಡಿದರೆ ನೂರು ವರ್ಷಗಳ ಅನಂತರವೂ ಅದು ಮೊದಲಿನಂತೆಯೇ ಬೆಳಕನ್ನು ಕೂಡಿಸಬಲ್ಲುದು. ಮುಪ್ಪು ಬರುವುದು ಉಳಿದ ಅಂಗಗಳಿಗೆ. ಪೀಠದ ಅಚ್ಚುಗಳು ಸವೆಯುತ್ತವೆ, ಗಡಿಯಾರದ ಯಂತ್ರ ನಿಲ್ಲುತ್ತದೆ, ನಾಳ ತುಕ್ಕು ಹಿಡಿಯುತ್ತದೆ, ನೇತ್ರಮಸೂರಗಳು ಕಳೆದುಹೋಗುತ್ತವೆ. ಆದುದರಿಂದ ಹಳೆಯ ದೂರದರ್ಶಕದ ಜೀರ್ಣೋದ್ಧಾರವೆಂದರೆ ಮಸೂರವನ್ನು ಉಳಿಸಿಕೊಂಡು ಮಿಕ್ಕುದನ್ನು ನವೀಕರಿಸುವುದೆಂದೇ ಅರ್ಥ.

ಇದಕ್ಕೆ ಉತ್ತಮ ನಿದರ್ಶನ ಕೊಡೈಕನಾಲಿನಲ್ಲಿದೆ. ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆಟಾನ್ ಸಂಸ್ಥೆಯವರು ತಯಾರಿಸಿದ 6 ಅಂಗುಲದ ದೂರದರ್ಶಕವು ಸುಮಾರು 1850ರಲ್ಲಿ ಮದರಾಸಿನ ವೇಧಶಾಲೆಗೆ ಬಂದಿತು. ಅರ್ಧ ಶತಮಾನ ಕಳೆಯುವ ಹೊತ್ತಿಗೆ ಅದನ್ನು ಬಿಸುಡಬಹುದಾಗಿದ್ದಿತು. ಹಾಗೆ ಮಾಡದೆ 1898ರಲ್ಲಿ ಡಬ್ಲಿನ್ನಿನ ಗ್ರಬ್ ಸಂಸ್ಥೆಯವರಿಂದ ಅದನ್ನು ಮರುರಚಿಸಿ, ಸೂರ್ಯನ ಛಾಯಾಚಿತ್ರ ತೆಗೆಯಲು ಅನುವು ಮಾಡಿಕೊಳ್ಳಲಾಯಿತು. ಕೊಡೈಕನಾಲಿನ ವೇಧಶಾಲೆ 1899ರಲ್ಲಿ ಸ್ಥಾಪಿತವಾದ ಮೇಲೆ ಈ ದೂರದರ್ಶಕ ಅಲ್ಲಿ ನೆಲೆಸಿತು. ಸೂರ್ಯಕಲೆಗಳ ಅಧ್ಯಯನಕ್ಕೆ ಆಧಾರವಾಗಿರುವ ಅಲ್ಲಿನ ದೀರ್ಘ ಚಿತ್ರಮಾಲೆಯಲ್ಲಿ ಇದರ ಪಾಲು ದೊಡ್ಡದು. ಒಂದು ದುರಸ್ತಿಯ ಫಲ ಒಂದು ಶತಮಾನದ ದಾಖಲೆಯಾಗಿ ಬೆಳೆದುದನ್ನು ಇಲ್ಲಿ ಕಾಣುತ್ತೇವೆ.

ಕೊಡೈಕನಾಲಿನ ಉಪಕರಣ ಸರಕಾರದ ಸ್ವತ್ತು. ಹವ್ಯಾಸಿಯೊಬ್ಬನ ದೂರದರ್ಶಕದ ಕಥೆಗೆ ನಾವು ಹೈದರಾಬಾದಿಗೆ ಬರಬೇಕು. 1948ರವರೆಗೆ ಕಲ್ಮಲವೂ ಸೇರಿದಂತೆ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದು ರಾಜ್ಯದಲ್ಲಿಯೇ ಇದ್ದಿತು. ಆ ಸಂಸ್ಥಾನದ ಶ್ರೀಮಂತರಲ್ಲಿ ಒಬ್ಬರಾದ ನವಾಬ್ ಜಫರ್ ಜಂಗ್ ಅವರು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮಾಡಿದವರು, ಖಗೋಳವಿಜ್ಞಾನದಲ್ಲಿ ಆಸಕ್ತರು. 1901ರಲ್ಲಿ ಅವರು ಗ್ರಬ್ ಸಂಸ್ಥೆಯ 15 ಅಂಗುಲದ ವಕ್ರೀಭವನ ದೂರದರ್ಶಕವನ್ನು ಕೊಂಡು, ಹೈದರಾಬಾದಿನ ಫಿಸಲ್ ಬಂಡಾದ ತಮ್ಮ ಎಸ್ಟೇಟಿನಲ್ಲಿ ವೇಧಶಾಲೆಯನ್ನು ಆರಂಭಿಸಿದರು. ಅದಕ್ಕೆ ನಿಜಾಮರ ಹೆಸರಿಡಲು ಅನುಮತಿ ಕೋರಿದುದಲ್ಲದೆ, ತಮ್ಮ ಕಾಲಾನಂತರ ಸರಕಾರ ಅದನ್ನು ವಹಿಸಿಕೊಳ್ಳಬೇಕೆಂದೂ ಕೇಳಿಕೊಂಡರು. ಈ ದೂರದೃಷ್ಟಿ ವ್ಯರ್ಥವಾಗಲಿಲ್ಲ. 1907ರಲ್ಲಿ ಅವರು ತೀರಿಕೊಂಡರು. 1908ರಲ್ಲಿ ಸರಕಾರವು ವೇಧಶಾಲೆಯನ್ನು ವಹಿಸಿಕೊಂಡಿತು.

ಅನಂತರ ವೇಧಶಾಲೆ ಬೇಗಂಪೇಟೆಗೆ ಸ್ಥಳಾಂತರಗೊಂಡಿತು. ಅಲ್ಲಿ ಮೊದಲು ಕೆಲಸ ಮಾಡಿದುದು ಯಾರ್ಕಿನ ಕುಕ್ ಸಂಸ್ಥೆಯ 8 ಅಂಗುಲದ ಛಾಯಾಚಿತ್ರಕ ದೂರದರ್ಶಕ. ಆಕಾಶವನ್ನೆಲ್ಲ ಚಿತ್ರಿಸಿ ನಕ್ಷತ್ರಸೂಚಿ ಸಿದ್ಧಪಡಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ದಕ್ಷಿಣದ 17ರಿಂದ 23 ಅಂಶಗಳವರೆಗಿನ ವಲಯವನ್ನು ಹೈದರಾಬಾದು ವಹಿಸಿಕೊಂಡು ಪೂರೈಸಿತು. 1919ರಲ್ಲಿ ವೇಧಶಾಲೆ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿತು. ನವಾಬರು ಕೊಂಡ 15 ಅಂಗುಲದ ದೂರದರ್ಶಕವಾದರೋ ಬೇಗಂಪೇಟೆಯಲ್ಲಿ ಸ್ಥಾಪಿತವಾದುದು 1922ರಲ್ಲಿ, ಟಿ. ಪಿ. ಭಾಸ್ಕರನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ. ಖರೀದಿಗೂ ಇದಕ್ಕೂ ನಡುವೆ ಇಪ್ಪತ್ತೊಂದು ವರ್ಷ ಕಳೆದಿದ್ದುವು, ಕೊಂಡವರು ಬದುಕಿರಲಿಲ್ಲ. ಆ ಬಳಿಕ ಚರಕಾಂತಿಯ ನಕ್ಷತ್ರಗಳ ವೀಕ್ಷಣೆ, ಚಂದ್ರನು ನಕ್ಷತ್ರಗಳನ್ನು ಮರೆಮಾಡುವ ಕ್ಷಣಗಳ ಗಣನೆ ಮುಂತಾದ ಕಾರ್ಯಗಳಿಗೆ ಅದು ಒದಗಿತು. ಒಳ್ಳೆಯ ಮಸೂರವೊಂದಿದ್ದರೆ ಸಾಲದು. ಭದ್ರವಾದ ಪೀಠ, ಗುಮ್ಮಟ, ನಿಯತವಾಗಿ ನೋಡುವ ಜನ, ಇವು ಕೂಡಿದಾಗ ಮಾತ್ರ ದೂರದರ್ಶಕ ದೂರದರ್ಶಕವಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಈ ವೇಧಶಾಲೆಯಲ್ಲಿ ಸಹಾಯಕರಾಗಿದ್ದವರೊಬ್ಬರ ಮಗನೇ ಮುಂದೆ ಪ್ರಸಿದ್ಧರಾದ ಎಂ. ಕೆ. ವೈನು ಬಪ್ಪು. 1927ರಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿಯೇ ವೇಧಶಾಲೆಯ ಪರಿಚಯವಾಯಿತು. ಹಾರ್ವರ್ಡಿನಲ್ಲಿ ಓದುತ್ತಿರುವಾಗ 1949ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದರು. 1960ರಲ್ಲಿ ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. 1971ರಲ್ಲಿ ಸ್ವಾಯತ್ತವಾಗಿ, ಬಳಿಕ ಬೆಂಗಳೂರಿನಲ್ಲಿ ನೆಲೆನಿಂತ ಭಾರತೀಯ ಖಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. 1980ರ ಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದಾಗ ಆ ಸಂಸ್ಥೆಯ ವೀಕ್ಷಣಾ ಶಿಬಿರಗಳಲ್ಲೊಂದು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿಯೇ ನಡೆಯಿತು. ಹವ್ಯಾಸಿಯೊಬ್ಬರು ಆರಂಭಿಸಿದ ವೇಧಶಾಲೆಯ ನೆರಳಿನಲ್ಲಿ ಬೆಳೆದವರ ಸಂಸ್ಥೆ, ಅದೇ ಹಳೆಯ ಸಂಸ್ಥಾನದ ಒಂದು ಮೂಲೆಗೆ ಹೀಗೆ ಬಂದು ನಿಂತಿತು.

ಈ ಚರಿತ್ರೆಯಿಂದ ಕಾಲೇಜುಗಳು ಕಲಿಯಬೇಕಾದ ಪಾಠಗಳಿವೆ. ಹಳೆಯ ದೂರದರ್ಶಕ ಕೈಗೆ ಬಂದಾಗ ಮೊದಲು ಮಾಡತಕ್ಕುದು ಪರೀಕ್ಷೆ, ಶುದ್ಧೀಕರಣವಲ್ಲ. ಪ್ರಕಾಶವಾದ ನಕ್ಷತ್ರವೊಂದನ್ನು ನಾಭಿಯಿಂದ ತುಸು ಒಳಕ್ಕೂ ತುಸು ಹೊರಕ್ಕೂ ಸರಿಸಿ ನೋಡಿದರೆ ಬೆಳಕಿನ ಉಂಗುರಗಳು ಕಾಣುತ್ತವೆ. ಅವು ಏಕಕೇಂದ್ರವಾಗಿದ್ದರೆ ಮಸೂರ ನೆಟ್ಟಗೆ ಕುಳಿತಿದೆ. ಒಂದು ಕಡೆಗೆ ವಾಲಿದ್ದರೆ ಮಸೂರದ ಬಳೆಯನ್ನು ಸರಿಪಡಿಸಬೇಕು. ವಸ್ತುಮಸೂರದ ಎರಡು ಗಾಜುಗಳನ್ನು ಬೇರ್ಪಡಿಸುವ ಉತ್ಸಾಹವನ್ನು ಆದಷ್ಟು ತಡೆಯಬೇಕು. ಬೂಷ್ಟು ಒಳಹೊಕ್ಕು ಬಿಡಿಸುವುದು ಅನಿವಾರ್ಯವಾದರೆ, ಬಿಡಿಸುವ ಮುನ್ನ ಎರಡರ ಅಂಚಿನ ಮೇಲೂ ಸೀಸದ ಕಡ್ಡಿಯಿಂದ ಒಂದೇ ಗೆರೆ ಎಳೆದುಕೊಳ್ಳಬೇಕು. ನಡುವಣ ತೆಳ್ಳನೆಯ ತಗಡಿನ ತುಣುಕುಗಳನ್ನು ಅದೇ ಜಾಗದಲ್ಲಿ ಮತ್ತೆ ಇಡಬೇಕು. ಯಾವ ಗಾಜು ಮುಂದೆ, ಯಾವ ಮೈ ಹೊರಕ್ಕೆ ಎಂಬುದು ಒಮ್ಮೆ ತಪ್ಪಿದರೆ ಒಳ್ಳೆಯ ಮಸೂರವೂ ನಿರುಪಯೋಗಿಯಾಗುತ್ತದೆ.

ಹಳೆಯ ಮಸೂರಕ್ಕೆ ಹೊಸ ಲೇಪ ಕೊಡಿಸುವುದೂ ಅಗತ್ಯವಲ್ಲ. ಲೇಪವಿಲ್ಲದ ಗಾಜಿನ ಒಂದೊಂದು ಮೈಯಲ್ಲಿ ನೂರಕ್ಕೆ ನಾಲ್ಕರಷ್ಟು, ನಾಲ್ಕು ಮೈಗಳಲ್ಲಿ ಒಟ್ಟು ಸುಮಾರು ಆರನೆಯ ಒಂದು ಪಾಲು ಬೆಳಕು ನಷ್ಟವಾಗುವುದು ನಿಜ. ಕಣ್ಣಿಗೆ ಇದು ದೊಡ್ಡ ಕೊರತೆಯಲ್ಲ. ಲೇಪಕ್ಕಾಗಿ ಮಸೂರವನ್ನು ಕಾಯಿಸುವಾಗ ಆಗಬಹುದಾದ ಹಾನಿ ಮಾತ್ರ ದೊಡ್ಡದು. ಬದಲಿಸಬೇಕಾದುವು ಅಲುಗಾಡುವ ಪೀಠ, ಸವೆದ ಹಲ್ಲಿನ ಚಕ್ರಗಳು, ಕೆಟ್ಟ ನೇತ್ರಮಸೂರಗಳು. ಇಳಿಬಿಟ್ಟ ತೂಕದಿಂದ ನಡೆಯುವ ಗಡಿಯಾರಯಂತ್ರದ ಸ್ಥಾನದಲ್ಲಿ ಚಿಕ್ಕ ವಿದ್ಯುತ್ ಮೋಟಾರನ್ನು ಕೂಡಿಸಬಹುದು. ಹಳೆಯ ಪೆಟ್ಟಿಗೆಗಳಲ್ಲಿ ನೇತ್ರಮಸೂರಕ್ಕೆ ತಿರುಪಿ ಸೂರ್ಯನನ್ನು ನೋಡಲೆಂದು ಕೊಟ್ಟಿರುವ ಕಪ್ಪು ಗಾಜನ್ನಂತೂ ಎಂದಿಗೂ ಬಳಸಕೂಡದು; ಕೂಡಿದ ಬಿಸಿಲಿಗೆ ಅದು ಸಿಡಿದರೆ ಕಣ್ಣು ಹೋಗುತ್ತದೆ. ಸೂರ್ಯಬಿಂಬವನ್ನು ಬಿಳಿಯ ಹಲಗೆಯ ಮೇಲೆ ಬೀಳಿಸಿ ನೋಡುವುದೇ ಕ್ಷೇಮ.

ಕೊನೆಯದಾಗಿ ಒಂದು ಮಾತು. ಯಾವ ವರ್ಷ ಯಾವ ಭಾಗವನ್ನು ತೆಗೆದರು, ಏನನ್ನು ಹಾಕಿದರು ಎಂಬುದು ದಾಖಲೆಯಲ್ಲಿರಬೇಕು. ಕೊಡೈಕನಾಲಿನ ದೂರದರ್ಶಕದ ಚರಿತ್ರೆಯನ್ನು ನಾವಿಂದು ಹೇಳಬಲ್ಲೆವಾದರೆ 1898ರ ಮರುರಚನೆಯ ಸಂಗತಿ ಬರೆದಿಟ್ಟು ಉಳಿದುದೇ ಕಾರಣ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಇಡತಕ್ಕುದು. ವಿದ್ಯಾರ್ಥಿಗಳು ಇಂತಹ ಒಂದು ಉಪಕರಣವನ್ನು ತಾವೇ ಪರೀಕ್ಷಿಸಿ, ದುರಸ್ತಿಪಡಿಸಿ, ದಾಖಲಿಸಿದಲ್ಲಿ ದೃಗ್ವಿಜ್ಞಾನವನ್ನೂ ಇತಿಹಾಸವನ್ನೂ ಒಂದೇ ಮೇಜಿನ ಮೇಲೆ ಕಲಿತಂತಾಗುವುದು. ಎಡೆದೊರೆ ನಾಡಿನ ಬಯಲಿನ ಆಕಾಶ ವರ್ಷದ ಬಹುಭಾಗ ನಿರ್ಮಲವಾದುದು; ಅದನ್ನು ನೋಡಲು ಹೊಸ ದೂರದರ್ಶಕ ಬರಲೆಂದು ಕಾಯುವ ಮುನ್ನ, ಇರುವುದನ್ನು ಬೀರುವಿನಿಂದ ಹೊರತೆಗೆದು ಪರೀಕ್ಷಿಸುವುದು ಲೇಸು.